ಅರ್ಧದ ಕಪಾಟು

ನನ್ನ ಹೆಂಡತಿಯ ಮನೆತನದವರು ಬರೆದ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿದರೆ ಚಂದ್ರನಿಗೆ ಹೋಗಲು ಬೇರೆ ಏಣಿ ಬೇಕಾಗುವುದಿಲ್ಲ. ನಂಬದವರು ತಂದು ಪೇರಿಸಿ ನೋಡಲಿ, ಬುಡ ಹಿಡಿದುಕೊಂಡು ನಾನು ನಿಲ್ಲುತ್ತೇನೆ. ಹತ್ತೊಂಬತ್ತನೆಯ ಶತಮಾನದ ಅರ್ಧಭಾಗವನ್ನು ಅವಳ ಮುತ್ತಜ್ಜ ಬದುಕಲಿಲ್ಲ, ಬರೆದ, ಅಂಥ ಕಾದಂಬರಿಕಾರ. ಮುತ್ತಜ್ಜನ ತಂಗಿ ಕವಯಿತ್ರಿ. ಅವಳ ಪದ್ಯವೊಂದನ್ನು ಕೇಳಿ ಇಡೀ ಒಂದು ದಂಡು ಬಂದೂಕು ಕೆಳಗಿಟ್ಟು ಮೂಗು ಸೀಟಿತಂತೆ. ತಮ್ಮ ನಾಟಕಕಾರ. ಆತನ ನಾಟಕ ಮುಗಿಯುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕೂತ ಹುಡುಗರಿಗೆ ಮೀಸೆ ಮೂಡಿರುತ್ತಿತ್ತು. ಮೂವರೂ ಈಗ ಊರ ಚೌಕದಲ್ಲಿ ಕಲ್ಲಾಗಿ ನಿಂತು ಪಾರಿವಾಳಗಳಿಗೆ ಉಪಕಾರ ಮಾಡುತ್ತಿದ್ದಾರೆ.

ಅಂಥ ಮನೆಗೆ ಅಳಿಯನಾಗಿ ಬಂದವನು ನಾನು. ಕನ್ನಡಕದ ಅಂಗಡಿಯವನು. ನನ್ನ ಅಂಗಡಿ ಇಲ್ಲದೆ ಹೋಗಿದ್ದರೆ ಈ ಊರಿನವರು ಗೋಡೆಗೆ ನಮಸ್ಕಾರ ಹೇಳಿ ದೀಪದ ಕಂಬಕ್ಕೆ ಹೆಣ್ಣು ಕೊಡುತ್ತಿದ್ದರು. ಆದರೂ ಮದುವೆಯ ಮಾತುಕತೆಯ ದಿನ ಮಾವನವರು ಕೇಳಿದ್ದು ಒಂದೇ ಪ್ರಶ್ನೆ: “ನೀವು ಏನು ಬರೀತೀರಿ?”

“ಚೀಟಿ ಬರೀತೀನಿ,” ಎಂದೆ. “ಬಲಗಣ್ಣಿಗೆ ಇಷ್ಟು, ಎಡಗಣ್ಣಿಗೆ ಇಷ್ಟು ಅಂತ.”

ಅವರು ನಗಲಿಲ್ಲ. ಒಳಗಿನ ಕೋಣೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನು ಮದುವೆಯಾದದ್ದು ಆ ನಗುವನ್ನು.

ಆ ಮನೆತನಕ್ಕೊಂದು ಕಪಾಟಿದೆ, ಈಗ ನಮ್ಮ ಮನೆಯಲ್ಲೇ ಇದೆ. ಅದರ ಕಥೆ ಶುರುವಾದದ್ದು ಕವಯಿತ್ರಿಯಿಂದ. ಆಕೆ ತೀರಿಕೊಂಡಾಗ ಕಾಲುಚೀಲ ರಫು ಮಾಡುತ್ತ ಕೂತಿದ್ದಳಂತೆ. ಚೀಲದ ಹಿಮ್ಮಡಿಯೊಳಗೆ ಹೊಲಿಗೆಗೆ ಆನಿಕೆಯಾಗಿ ತೂರಿಸಿದ ಮರದ ಮೊಟ್ಟೆ, ಅರ್ಧ ಮುಚ್ಚಿದ ತೂತು, ತೂತಿನ ಅಂಚಿಗೆ ಚುಚ್ಚಿದ ಸೂಜಿ. ಯಾರೋ ಅದನ್ನು ಎತ್ತಿಡಲು ಹೋದಾಗ ಮುತ್ತಜ್ಜ ಗದರಿದ: “ಮುಗಿಸಿದ್ದೆಲ್ಲ ಲೋಕದ್ದು. ಮುಗಿಸದೆ ಬಿಟ್ಟದ್ದು ಮನೆಯದ್ದು. ಯಾರೂ ಮುಟ್ಟಕೂಡದು.” ಅಂದಿನಿಂದ ಆ ಮನೆಯಲ್ಲಿ ಯಾರು ಕಣ್ಣು ಮುಚ್ಚಿದರೂ ಅವರ ಕೈಯಲ್ಲಿ ಅರ್ಧಕ್ಕೆ ನಿಂತ ಕೆಲಸ ಹೇಗಿತ್ತೋ ಹಾಗೆ ಗಾಜಿನ ಬಾಗಿಲಿನ ಆ ಕಪಾಟು ಸೇರುತ್ತದೆ. ಮುತ್ತಜ್ಜನದು ಅರ್ಧ ಹೆರೆದ ಪೆನ್ಸಿಲ್. ಸಿಪ್ಪೆ ಇನ್ನೂ ತುದಿಗೆ ಅಂಟಿಕೊಂಡು ಸುರುಳಿಯಾಗಿದೆ. ನಾಟಕಕಾರ ಗಡ್ಡ ಹೆರೆಯುವಾಗ ಎದೆ ಹಿಡಿದುಕೊಂಡು ಕುಸಿದ. ನೊರೆ ಒಣಗಿದ ಕುಂಚವೂ ಕತ್ತಿಯೂ ಕಪಾಟಿನಲ್ಲಿವೆ. ಆತ ಮಾತ್ರ ಒಂದೇ ಕೆನ್ನೆ ನುಣ್ಣಗೆ ಮಾಡಿಕೊಂಡು ಪರಲೋಕಕ್ಕೆ ಹೊರಟ. ಅಲ್ಲಿಯವರು ಒಬ್ಬನನ್ನೇ ಇಬ್ಬರೆಂದು ಬರೆದುಕೊಂಡಿರಬೇಕು. ಮೂವರ ಬರಹವನ್ನೂ ನಕಲು ಮಾಡಿಕೊಟ್ಟು ತನ್ನ ಹೆಸರಲ್ಲಿ ಒಂದಕ್ಷರವನ್ನೂ ಬಿಡದ ಮುತ್ತಜ್ಜಿಯದು ಅರ್ಧ ಸುಲಿದ ಕಿತ್ತಳೆ. ಅದೀಗ ಎಷ್ಟು ಗಟ್ಟಿಯಾಗಿದೆಯೆಂದರೆ, ಗುರಿಯಿಟ್ಟು ಎಸೆದರೆ ಆನೆಗೆ ಮೂರ್ಛೆ ಬರುತ್ತದೆ. ಕಡೆಗೆ ಸೇರಿದ್ದು ಮಾವನವರ ಪದಬಂಧ, ಪತ್ರಿಕೆಯಿಂದ ಕತ್ತರಿಸಿಟ್ಟದ್ದು, ಮುಕ್ಕಾಲು ತುಂಬಿದ್ದು.

ಮದುವೆಯಾದ ಹೊಸದರಲ್ಲಿ ನಾನು ಹೆಂಡತಿಯನ್ನು ಕೇಳಿದ್ದೆ: “ನಾನು ಊಟದ ಮಧ್ಯೆ ಸತ್ತರೆ ತಟ್ಟೆ ಇಡ್ತೀಯೇನೇ?”

“ನೀವು ಸಾಯೋದು ಮಾತಿನ ಮಧ್ಯೆ,” ಎಂದಳು. “ಅದನ್ನ ಯಾವ ಕಪಾಟಲ್ಲಿ ತುರುಕಲಿ?”

ಆಗ ಆ ಕಪಾಟು ನಮಗೆ ತಮಾಷೆಯ ವಸ್ತುವಾಗಿತ್ತು.

ನಮಗೊಬ್ಬಳು ಮಗಳಿದ್ದಳು. ಅವಳಿಗೆ ನಾನಿಟ್ಟ ಅಡ್ಡಹೆಸರು ಅರೆಬರೆ. ಹುಟ್ಟಿದಾಗಿನಿಂದ ಅವಳು ಒಂದು ಕೆಲಸವನ್ನೂ ಪೂರ್ತಿ ಮಾಡಿದವಳಲ್ಲ. ಈಜು ಕಲಿಯಲು ಹೋಗಿ ಕೊಳದ ನಡುವಿನ ತನಕ ಕಲಿತುಕೊಂಡು ಬಂದಳು. ಪಿಟೀಲಿನಲ್ಲಿ ಎರಡು ತಂತಿ ಕಲಿತಳು, ಉಳಿದೆರಡು ತಂತಿ ಹಾಗೇ ತುಕ್ಕು ಹಿಡಿದವು. “ಅರೆಬರೆ, ಬಾ ಇಲ್ಲಿ” ಎಂದು ಕರೆದರೆ ಬೇಕೆಂದೇ ಅರ್ಧ ದಾರಿ ಬಂದು ನಿಂತು, ಸೊಂಟಕ್ಕೆ ಕೈ ಕೊಟ್ಟು, “ಮಿಕ್ಕಿದ್ದು ನೀವು ಬನ್ನಿ ಅಪ್ಪಾ” ಎನ್ನುತ್ತಿದ್ದಳು.

ಒಂದು ಚಳಿಗಾಲ ಉಲ್ಲನ್ನಿನ ಉಂಡೆಗಳನ್ನು ತಂದು ನನ್ನ ಮಡಿಲಿಗೆ ಸುರಿದಳು. ಇಟ್ಟಿಗೆಯ ಬಣ್ಣ.

“ನಿಮಗೊಂದು ಸ್ವೆಟರ್ ಹೆಣೀತೀನಿ. ಇದನ್ನ ಮುಗಿಸೇ ಮುಗಿಸ್ತೀನಿ, ನೋಡ್ತಾ ಇರಿ.”

“ಒಂದು ತೋಳು ಸಾಕು ಕಣೇ. ಇನ್ನೊಂದು ಕೈನ ಜೇಬಲ್ಲಿ ಇಟ್ಕೋತೀನಿ.”

“ಎರಡು ತೋಳು. ಉಲ್ಲನ್ ಮಿಕ್ಕಿದ್ರೆ ನಿಮ್ಮ ಬಾಯಿಗೊಂದು ಚೀಲ.”

ಮೈ ಮುಗಿಯಿತು. ನನ್ನ ಕಣ್ಣನ್ನೇ ನಾನು ನಂಬಲಿಲ್ಲ, ಅಂಗಡಿಗೆ ಹೋಗಿ ಕನ್ನಡಕ ಬದಲಿಸಿಕೊಂಡು ಬಂದು ನೋಡಿದೆ. ಎಡತೋಳೂ ಮುಗಿಯಿತು. ಬಲತೋಳನ್ನು ಹೆಗಲಿನಿಂದ ಸುತ್ತುಸುತ್ತಾಗಿ ಕೆಳಗಿಳಿಸುತ್ತಿದ್ದಾಗ ಜ್ವರ ಬಂತು. ಸಣ್ಣ ಜ್ವರ, ಥರ್ಮಾಮೀಟರೇ ನಾಚಿಕೊಳ್ಳುವಷ್ಟು ಸಣ್ಣದು. ವಾರ ತುಂಬುವುದರೊಳಗೆ ಅವಳು ಇರಲಿಲ್ಲ. ಇದನ್ನು ಉಬ್ಬಿಸಿ ಹೇಳಲು ನನಗೆ ಬರುವುದಿಲ್ಲ. ಇದಕ್ಕಿಂತ ದೊಡ್ಡದು ಯಾವುದೆಂದು ಗೊತ್ತಿದ್ದರೆ ತಾನೇ ಉಬ್ಬಿಸುವುದು?

ಮನೆತನದ ಕೊನೆಯ ಕುಡಿಯಾದ ನನ್ನ ಹೆಂಡತಿ ಮನೆತನದ ಪದ್ಧತಿಯನ್ನೇ ಮಾಡಿದಳು. ಹೆಣಿಗೆ ಕಡ್ಡಿಗಳು ಕುಣಿಕೆಗಳಲ್ಲಿ ಹೇಗೆ ಸಿಕ್ಕಿಕೊಂಡಿದ್ದವೋ ಹಾಗೆಯೇ, ಬಲತೋಳು ಒಳಗೆ ಬರುವಂತೆ ಮಡಿಸಿ, ಉಂಡೆಯನ್ನು ಪಕ್ಕದಲ್ಲಿಟ್ಟು, ಕಿತ್ತಳೆಯ ಕೆಳಗಿನ ಅಡ್ಡಹಲಗೆಯ ಮೇಲೆ ಸ್ವೆಟರನ್ನು ಮಲಗಿಸಿದಳು. ಕುಣಿಕೆ ಜಾರೀತೆಂಬ ಭಯಕ್ಕೆ ಮತ್ತೆಂದೂ ಮಡಿಕೆ ಬಿಚ್ಚಲಿಲ್ಲ. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಗಾಜಿನ ಮುಂದೆ ನಿಲ್ಲುವಳು. ಕಾಫಿ ಆರಿ, ಕೆನೆ ಕಟ್ಟಿ, ಲೋಟಕ್ಕೆ ವಯಸ್ಸಾಗಿ ಹೋದರೂ ನಿಂತೇ ಇರುವಳು.

ಒಮ್ಮೆ ನಾನು, “ಸಾಕು ಬಾರೇ” ಎಂದು ಭುಜ ಮುಟ್ಟಿದೆ.

“ಕಡ್ಡಿ ಇನ್ನೂ ಕುಣಿಕೆಯಲ್ಲೇ ಇದೆ ಕಣ್ರೀ,” ಎಂದಳು. “ಅವಳು ಬಿಟ್ಟು ಹೋಗಿಲ್ಲ. ಕೆಳಗಿಟ್ಟಿದ್ದಾಳೆ ಅಷ್ಟೇ.”

ಆ ಮಾತಿನ ಮೇಲೆಯೇ ಅವಳು ಏಳೆಂಟು ವರ್ಷ ಬದುಕಿದಳು. ಅನ್ನ ನೀರು ಬರೀ ನೆಪ.

ಸ್ವೆಟರಿನ ಮೈಮೇಲೆ ಅಲ್ಲಲ್ಲಿ ಒಂದೊಂದು ಕುಣಿಕೆ ತಿರುವುಮುರುವಾಗಿತ್ತು. ನುಣುಪಾದ ಹೆಣಿಗೆಯ ನಡುವೆ ಅದು ಕಾಳಿನಂತೆ ಉಬ್ಬಿ ಕಾಣುತ್ತದೆ. ಅರೆಬರೆಗೆ ಸುಮ್ಮನೆ ಹೆಣೆಯಲು ಬರುತ್ತಿರಲಿಲ್ಲ. ತಲೆಯೆತ್ತಿ ಏನಾದರೂ ಹೇಳುವಳು, ಆ ಕ್ಷಣದ ಕುಣಿಕೆ ತಪ್ಪುವುದು. ಗಾಜಿನಾಚೆಯಿಂದ ಕಾಣುವ ಕಾಳುಗಳೆಲ್ಲ ನನ್ನ ಹೆಂಡತಿಗೆ ಬಾಯಿಪಾಠ. “ಇಲ್ಲಿ ಮಾತಾಡಿದ್ದಾಳೆ,” ಎಂದು ಗಾಜಿನ ಮೇಲೆ ಬೆರಳಿಡುವಳು. “ಇಲ್ಲೊಂದು. ಇಲ್ಲಿ ನಿಮ್ಮನ್ನ ಬೈದಿರಬೇಕು, ಎರಡು ಒಟ್ಟಿಗೇ ಇವೆ.”

ಹೋದ ವರ್ಷ ಆ ಗಾಜಿನ ಒಳಗೆ ಬೂದು ಬಣ್ಣದ ಒಂದು ಪುಟ್ಟ ಪತಂಗ ಹಾರಾಡಿತು. ಉಣ್ಣೆ ತಿನ್ನುವ ಹುಳು. ಹುಲಿ ಹೊಕ್ಕಿದ್ದರೂ ನನ್ನ ಹೆಂಡತಿ ಅಷ್ಟು ಕಿರುಚುತ್ತಿರಲಿಲ್ಲ. ಕವಯಿತ್ರಿಯ ಕಾಲುಚೀಲದ ಬೆರಳ ಕಡೆ ಆಗಲೇ ಜಾಳುಜಾಳಾಗಿತ್ತು. ಸ್ವೆಟರಿನ ಹತ್ತಿರಕ್ಕೆ ಅದು ಇನ್ನೂ ಬಂದಿರಲಿಲ್ಲ.

ಅವಳೇ ಸ್ಮಾರಕಕ್ಕೆ ಫೋನು ಮಾಡಿದಳು. ಮುತ್ತಜ್ಜ ಬರೆಯುತ್ತಿದ್ದ ಹಳೆಯ ಮನೆ ಈಗ ಸ್ಮಾರಕ. ಅದನ್ನು ನೋಡಿಕೊಳ್ಳುವ ಅಧಿಕಾರಿಗೆ ಊರಿನವರು ಇಟ್ಟ ಹೆಸರು ಕೈಗವಸು. ಬಿಳಿ ಗವಸು ಹಾಕಿಕೊಂಡೇ ಹುಟ್ಟಿ, ಸೂಲಗಿತ್ತಿಯ ಕೈಕುಲುಕಿ ಧನ್ಯವಾದ ಹೇಳಿದ ಮಹಾನುಭಾವರು. ಕಪಾಟಿನ ಮೇಲೆ ಬಹಳ ಕಾಲದಿಂದ ಕಣ್ಣಿಟ್ಟಿದ್ದವರು, ಫೋನು ಕೆಳಗಿಡುವ ಮುಂಚೆಯೇ ಬಾಗಿಲಲ್ಲಿದ್ದರು.

“ದೊಡ್ಡ ಫ್ರೀಜರಿದೆ ಮೇಡಂ. ಎಲ್ಲವನ್ನೂ ಅದರೊಳಗಿಟ್ಟರೆ ಹುಳ, ಮೊಟ್ಟೆ ಎಲ್ಲ ಸಾಯುತ್ತೆ. ಆಮೇಲೆ ಕಪಾಟಿಗೆ ಗಾಳಿ ಹೋಗದ ಹಾಗೆ ರಬ್ಬರ್ ಪಟ್ಟಿ. ಒಂದು ಪೈಸೆ ಬೇಡ. ಒಂದಷ್ಟು ಫೋಟೋ ತೆಗೆಯೋಕೆ ಬಿಟ್ಟರೆ ಸಾಕು.”

“ಹೇಗಿದೆಯೋ ಹಾಗೇ ವಾಪಸ್ ಬರಬೇಕು,” ಎಂದಳು ಹೆಂಡತಿ.

“ಮೇಡಂ, ಅದರ ಮೇಲಿನ ಧೂಳನ್ನೂ ವಾಪಸ್ ತಂದು ಕೊಡ್ತೀನಿ.”

“ಧೂಳು ಬೇಕಾದ್ರೆ ನೀವೇ ಇಟ್ಕೊಳ್ಳಿ, ನಮ್ಮನೇಲಿ ದಂಡಿಯಾಗಿದೆ,” ಎಂದೆ ನಾನು. ಹೆಂಡತಿ ನನ್ನ ಕಾಲು ತುಳಿದಳು.

ಸ್ವೆಟರನ್ನು ಅವಳೇ ಹಸುಗೂಸಿನಂತೆ ಎತ್ತಿ ಪೆಟ್ಟಿಗೆಯಲ್ಲಿ ಮಲಗಿಸಿದಳು. ವ್ಯಾನು ತಿರುವು ದಾಟುವವರೆಗೆ ಗೇಟಿನಲ್ಲಿ ನಿಂತಿದ್ದಳು.

ಮರಳಿ ಬಂದ ದಿನ ಕೈಗವಸಿನ ಜೊತೆ ಸ್ಮಾರಕದ ರಫುಗಾರ್ತಿಯೂ ಬಂದಿದ್ದಳು. ಹಳೆಯ ಪರದೆ, ಹಾಸು, ಉಡುಪು ರಿಪೇರಿ ಮಾಡುವ ಗುಂಡುಗುಂಡಾದ ಹೆಂಗಸು, ಕತ್ತಿನಲ್ಲಿ ಸೂಜಿಡಬ್ಬಿಯ ಸರ, ಮುಖದ ತುಂಬ ನಗು. ಕೈಗವಸು ಒಂದೊಂದೇ ಪೆಟ್ಟಿಗೆ ತೆರೆದರು. ತೆಳು ಕಾಗದದ ಹಾಸಿನ ಮೇಲೆ ಕಾಲುಚೀಲ, ಮರದ ಮೊಟ್ಟೆ, ಸೂಜಿ ಇದ್ದ ಹಾಗೇ. ಪೆನ್ಸಿಲ್ಲಿಗೊಂದು ಪುಟ್ಟ ಹಾಸಿಗೆ. ಕಿತ್ತಳೆಗೆ ಅಳತೆ ತೆಗೆದು ಮಾಡಿಸಿದ ಗೂಡು. ಬದುಕಿದ್ದಾಗ ಮುತ್ತಜ್ಜಿಗೆ ಅಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಕ್ಕಿಲ್ಲ.

“ಸ್ವೆಟರ್?” ಎಂದಳು ಹೆಂಡತಿ.

ರಫುಗಾರ್ತಿ ನಾಚುತ್ತ ತನ್ನ ಕೈಚೀಲದಿಂದ ಒಂದು ಕಂದು ಕಾಗದದ ಪೊಟ್ಟಣ ತೆಗೆದು ಅವಳ ಕೈಗಿಟ್ಟಳು. ದಾರ ಕಟ್ಟಿ ಹೂಗಂಟು ಬೇರೆ ಹಾಕಿದ್ದಳು. “ಬಿಚ್ಚಿ ನೋಡಿ ಅಮ್ಮಾ.”

ಒಗೆದು, ಇಸ್ತ್ರಿ ಹೊಡೆದು, ಅಂಗಡಿಯ ಮಾಲಿನಂತೆ ಮಡಿಸಿದ ಸ್ವೆಟರ್. ಎರಡು ತೋಳು. ಎರಡೂ ಮುಂಗೈವರೆಗೆ, ಅಂಚು ಕಟ್ಟಿ, ಮುಗಿದಿದ್ದವು.

ಕಡ್ಡಿ ಇರಲಿಲ್ಲ.

“ತುಕ್ಕು ಹಿಡಿದಿತ್ತು ಅಮ್ಮಾ, ಉಲ್ಲನ್ನಿಗೆ ಕಲೆ ಬೀಳ್ತಿತ್ತು, ಬಿಸಾಕಿಬಿಟ್ಟೆ,” ಎಂದಳು ರಫುಗಾರ್ತಿ. “ಒಂದು ತೋಳು ಮಾತ್ರ ಪಾಪ ಹಾಗೇ ಉಳಿದಿತ್ತು. ಯಾರೋ ಇಷ್ಟು ಚೆಂದ ಹೆಣೆದು ಬಿಟ್ಟಿದ್ದಾರಲ್ಲ ಅಂತ ಜೀವ ಚುರುಕ್ ಅಂತು. ಉಂಡೆ ಹೇಗೂ ಅದರ ಜೊತೇಲೇ ಇತ್ತು. ಊಟದ ಬಿಡುವಿನಲ್ಲಿ ಕೂತು ಕೂತು ಮುಗಿಸಿದೆ. ಸರ್‌ಗೆ ಅಲ್ವಾ? ಹಾಕ್ಕೊಳ್ಳಿ ಸರ್, ನೋಡೋಣ.”

ನನ್ನ ಹೆಂಡತಿ ಸ್ವೆಟರನ್ನು ಮೂಗಿಗೆ ಹಿಡಿದಳು. ಸಾಬೂನಿನ ವಾಸನೆ ನನಗೂ ಬಂತು. ಆಮೇಲೆ ಅವಳು ಹೊಸ ಚಪ್ಪಲಿ ಹಾಕಿಕೊಂಡವರಂತೆ ಹೆಜ್ಜೆ ನೋಡಿ ನೋಡಿ ಇಡುತ್ತ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಕೈಗವಸಿನ ಕಡೆ ತಿರುಗಿದೆ. “ಹೇಗಿದೆಯೋ ಹಾಗೇ ಅಂದಿದ್ದಳಲ್ಲ ಸ್ವಾಮೀ?”

ಅವರ ಮುಖ ಗವಸಿಗಿಂತ ಬಿಳಿಯಾಗಿತ್ತು. “ನಮ್ಮ ನಿಯಮ... ಹತ್ತೊಂಬತ್ತನೇ ಶತಮಾನದ ವಸ್ತುವಿಗೆ ಒಂದು ಹೊಲಿಗೆ ಕೂಡ ಹಾಕೋ ಹಾಗಿಲ್ಲ. ಅವನ್ನೆಲ್ಲ ಬೇರೆ ಮಾಡಿದ್ವಿ. ಇದು ಮಿಲ್ಲಿನ ಉಲ್ಲನ್. ಮನೆಬಳಕೆ ಸಾಮಾನು ಯಾವುದೋ ಕಪಾಟಲ್ಲಿ ಸೇರ್ಕೊಂಡಿದೆ ಅಂತ ಪಕ್ಕಕ್ಕೆ ಇಟ್ವಿ.”

“ಮಾವನವರ ಪದಬಂಧವೂ ಮನೆಬಳಕೆಯೇ?” ಎಂದೆ. ಅದರ ಖಾಲಿ ಮನೆಗಳೆಲ್ಲ ತುಂಬಿದ್ದವು.

ಅವರು ನೆಲ ನೋಡಿದರು. “ಕೆಲವೇ ಮನೆ ಖಾಲಿ ಇತ್ತು. ಸುಲಭದ್ದಿತ್ತು. ನಾನೇ...”

ಅಯ್ಯೋ ಮಹರಾಯ! ಒಂದು ಕಿತ್ತಳೆಯ ಸಿಪ್ಪೆ ಮುರಿಯದ ಹಾಗೆ ಉಸಿರು ಬಿಗಿಹಿಡಿದು ದುಡಿದವರು, ಅದೇ ಮೇಜಿನ ಇನ್ನೊಂದು ತುದಿಯಲ್ಲಿ ನನ್ನ ಮಗಳನ್ನು ಮುಗಿಸಿ, ಇಸ್ತ್ರಿ ಮಾಡಿ, ದಾರ ಕಟ್ಟಿದ್ದರು. ಕೋಪ ಮಾಡೋಣವೆಂದರೆ ಮುಂದೆ ನಿಂತ ರಫುಗಾರ್ತಿಯ ಕಣ್ಣಲ್ಲಿ ನೀರು. ಅಷ್ಟು ಹೊತ್ತಿಗೆ ಅವಳಿಗೆ ಅರ್ಥವಾಗಿತ್ತು. ನಾನು ಅವಳನ್ನು ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕರೆದುಕೊಂಡು ಹೋದೆ.

“ಎಲ್ಲಿಂದ ಶುರು ಮಾಡಿದ್ರಿ ಅಮ್ಮಾ? ಅದೊಂದು ಹೇಳಿ. ನಿಮ್ಮದನ್ನ ಬಿಚ್ಚಿಬಿಡ್ತೀವಿ.”

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ಮೊಣಕೈ ಆಸುಪಾಸು. ಸರಿಯಾಗಿ ಇಲ್ಲೇ ಅಂತ ಹೇಳೋಕೆ ಬರಲ್ಲ ಸರ್. ಅದೇ ಉಂಡೆ, ಗಂಟಿಲ್ಲ. ಮೊದಲು ಹೆಣೆದವರ ಬಿಗಿ ಎಷ್ಟೋ ಅಷ್ಟೇ ಬಿಗಿ ಹಿಡಿದೆ. ಒಗೆದ ಮೇಲೆ ಎಲ್ಲ ಒಂದೇ ಸಮ ಕೂತುಬಿಡ್ತು. ಈಗ ನನಗೇ ಗೊತ್ತಾಗಲ್ಲ.”

“ನನ್ನ ಮಗಳ ಹೆಣಿಗೇಲಿ ತಪ್ಪುಗಳಿದ್ವು. ಕಾಳು ಕಾಳಾಗಿ. ಕಡೆಯ ಕಾಳು ಎಲ್ಲಿದೆಯೋ ಅಲ್ಲೀವರೆಗೆ ಅವಳದು, ಅಲ್ವಾ?”

ಅವಳು ತಲೆ ತಗ್ಗಿಸಿದಳು. “ಹೊಂದಾಣಿಕೆ ಇರ್ಲಿ ಅಂತ ನಾನೂ ಅಲ್ಲಲ್ಲಿ ಹಾಕಿದೀನಿ ಸರ್.”

ಜೀವಮಾನವಿಡೀ ಬಾಯಿ ಬಡಿದುಕೊಂಡವನು ನಾನು. ನನ್ನ ಕನ್ನಡಕ ಹಾಕಿಕೊಂಡ ಕುರುಡನೊಬ್ಬ ಬಂಡಿ ಓಡಿಸಿಕೊಂಡು ಮನೆಗೆ ಹೋದ ಎಂದು ಅಂಗಡಿಯಲ್ಲಿ ಕೂತು ಹೇಳುವವನು. ಈ ಹೆಂಗಸು ಯಾವ ಜಂಭವೂ ಇಲ್ಲದೆ ಸತ್ತವಳ ಕೈಯನ್ನು ಇದ್ದದ್ದು ಇದ್ದ ಹಾಗೆ ನಕಲು ಮಾಡಿ ಇಟ್ಟಿದ್ದಳು. ಫೋಟೋ ತೆಗೆದಿರಬಹುದೇ ಎಂದು ಕೇಳಿದೆ. ತೆಗೆದಿದ್ದರು, ಕಿತ್ತಳೆಯದು, ಎಲ್ಲ ಮಗ್ಗುಲಿನಿಂದ. ಮನೆಬಳಕೆ ಸಾಮಾನಿನ ಫೋಟೋ ತೆಗೆಯುವುದಿಲ್ಲವಂತೆ.

ಅವರು ಹೋದ ಮೇಲೆ ಒಳಗೆ ಹೋದೆ. ಹೆಂಡತಿ ಕಿಟಕಿಯ ಬಳಿ ಬೆಳಕಿಗೆ ಬಲತೋಳನ್ನು ಹರಡಿಕೊಂಡು ಕೂತಿದ್ದಳು.

“ನಿಮ್ಮ ಅಂಗಡಿಯ ದೊಡ್ಡ ಮಸೂರ ತನ್ನಿ,” ಎಂದಳು.

ತಂದುಕೊಟ್ಟೆ. ಇರುವೆಯ ಹುಬ್ಬಿನ ಕೂದಲು ಎಣಿಸಬಹುದಾದ ಮಸೂರ ಅದು. ಇಬ್ಬರೂ ತಲೆಗೆ ತಲೆ ತಾಗಿಸಿ ಹೆಗಲಿನಿಂದ ಮುಂಗೈವರೆಗೆ, ಮುಂಗೈಯಿಂದ ಹೆಗಲಿನವರೆಗೆ ನೋಡಿದೆವು. ಕುಣಿಕೆಯ ಪಕ್ಕ ಕುಣಿಕೆ, ಅದರ ಪಕ್ಕ ಅಂಥದ್ದೇ ಇನ್ನೊಂದು. ಮಸೂರದಲ್ಲಿ ಎಲ್ಲವೂ ದೊಡ್ಡದಾಯಿತು, ಯಾವುದೂ ಬೇರೆಯಾಗಲಿಲ್ಲ.

“ಮೊಣಕೈಗಿಂತ ಎರಡು ಬೆರಳು ಕೆಳಗಿತ್ತು,” ಎಂದಳು. “ನಾನೇ ಮಡಿಸಿದ್ದು, ನನಗೆ ಗೊತ್ತಿಲ್ವಾ?”

“ಇಲ್ಲ ಕಣೇ, ಸರಿಯಾಗಿ ಮೊಣಕೈಯಲ್ಲೇ ಇತ್ತು. ಜ್ವರ ಬರೋ ಹಿಂದಿನ ದಿನ ನನಗೆ ತೊಡಿಸಿ ನೋಡಿದ್ಲು. ಕಡ್ಡಿ ಇಲ್ಲಿ ಚುಚ್ಚಿತ್ತು.”

“ನಿಮಗೆ ಚುಚ್ಚಿದ್ದೆಲ್ಲ ಭರ್ಜಿಯೇ. ರೈಲು ಬಿಡಬೇಡಿ.”

“ಇದರಲ್ಲಿ ಯಾಕೆ ಬಿಡ್ಲಿ?”

“ಬಿಡದೇ ಇದ್ದದ್ದು ಯಾವುದ್ರಲ್ಲಿ?”

ಆ ಮಾತು ಮುಳ್ಳಿನಂತೆ ನಾಟಿತು. ಚುಚ್ಚಿದ್ದು ನಿಜ, ಆ ಜಾಗ ನನ್ನ ಮೊಣಕೈಗೆ ಇವತ್ತಿಗೂ ಗೊತ್ತು. ಆದರೆ ಅದಾದ ಮೇಲೆ ಅರೆಬರೆ ಒಂದಿಡೀ ಮಧ್ಯಾಹ್ನ ಹೆಣೆಯುತ್ತ ಕೂತಿದ್ದಳು ಎಂಬುದೂ ನಿಜ. ಎಷ್ಟು ಹೆಣೆದಳೋ, ಎಷ್ಟು ಹೊತ್ತು ಹರಟಿದಳೋ.

“ಬಿಚ್ಚೋಣ,” ಎಂದಳು ಹೆಂಡತಿ. “ಮುಂಗೈಯಿಂದ ಮೇಲಕ್ಕೆ. ನಾನು ಎಳೀತೀನಿ, ನೀವು ಸುತ್ತಿ. ಅವಳದು ಬಂದ ಕೂಡಲೇ ನನಗೆ ತಿಳಿಯುತ್ತೆ. ಅಲ್ಲಿ ನಿಲ್ಲಿಸಿ ಕಡ್ಡಿ ಹಾಕಿ, ಕಪಾಟಲ್ಲಿಟ್ಟುಬಿಡೋಣ. ಏನೂ ಆಗಿಲ್ಲ ಅನ್ಕೊಳ್ಳೋಣ.”

ಬೇಡ ಎನ್ನಬಹುದಿತ್ತು. ಮೆಟ್ಟಿಲ ಮೇಲೆ ಕೇಳಿದ್ದನ್ನು ಹೇಳಬಹುದಿತ್ತು. ಅವಳು ಆಗಲೇ ಡ್ರಾಯರಿನಿಂದ ತನ್ನ ಹೆಣಿಗೆ ಕಡ್ಡಿಗಳನ್ನು ತೆಗೆದು ಮಡಿಲಲ್ಲಿಟ್ಟುಕೊಂಡಿದ್ದಳು. ನಾನು ಕುರ್ಚಿ ಎಳೆದುಕೊಂಡು ಎದುರಿಗೆ ಕೂತೆ.

ಅಂಚಿನ ಗಂಟನ್ನು ಕತ್ತರಿಸಿದಳು. ನೂಲು ಸಲೀಸಾಗಿ ಬಂತು. ಒಂದು ಸುತ್ತು, ಇನ್ನೊಂದು ಸುತ್ತು; ಕುಣಿಕೆಗಳು ಒಂದಾದ ಮೇಲೊಂದು ಟಪಟಪನೆ ಕಣ್ಣು ತೆರೆದು ಇಲ್ಲವಾಗುತ್ತಿದ್ದವು. ಬಿಚ್ಚಿಕೊಂಡ ನೂಲು ನೆಟ್ಟಗಿರಲಿಲ್ಲ, ಹೆಣಿಗೆಯ ನೆನಪಿಗೆ ಸುರುಳಿಸುರುಳಿಯಾಗಿತ್ತು. ನಾನು ಸುತ್ತಿದೆ. ಮುಂಗೈ ಹೋಯಿತು.

“ಇದು ಅವಳದಲ್ಲ,” ಎಂದಳು. “ತುಂಬ ಜಾಣ ಹೆಣಿಗೆ.”

ಇನ್ನಷ್ಟು ಎಳೆದಳು. ಎಳೆಯುತ್ತ ಎಳೆಯುತ್ತ ಕಣ್ಣು ಮುಚ್ಚಿಕೊಂಡು ಬೆರಳಿನಿಂದಲೇ ಸಾಲುಗಳನ್ನು ತಡವುತ್ತಿದ್ದಳು. ಮುಂಗೈಗೂ ಮೊಣಕೈಗೂ ನಡುವೆ ಎಲ್ಲೋ ಒಂದು ಕಡೆ ಬೆರಳು ಗಕ್ಕನೆ ನಿಂತಿತು.

“ರೀ!”

ಒಂದು ಕಾಳು.

“ಇಲ್ಲಿ ಮಾತಾಡಿದ್ದಾಳೆ! ನೋಡ್ರೀ, ಇಲ್ಲಿ! ನಾನು ಹೇಳ್ಲಿಲ್ವಾ ಮೊಣಕೈಗಿಂತ ಕೆಳಗೆ ಅಂತ? ನಾನು ಅಂದ್ಕೊಂಡಿದ್ದಕ್ಕಿಂತ ಕೆಳಗೇ ಬಂದಿದ್ಲು ಕಣ್ರೀ. ನಮಗೆ ಗೊತ್ತಿಲ್ಲದ ಹಾಗೆ ಇಷ್ಟೊಂದು ಮಾಡಿದ್ದಾಳೆ, ಕಳ್ಳಿ!”

ಮುಖದ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು. ಒಂದು ಕೈಯಲ್ಲಿ ಕಾಳನ್ನು ಒತ್ತಿ ಹಿಡಿದುಕೊಂಡೇ ಇನ್ನೊಂದರಲ್ಲಿ ಕಡ್ಡಿ ಹುಡುಕಿದಳು. ತೆರೆದ ಕುಣಿಕೆಗಳಿಗೆ ಒಂದೊಂದಾಗಿ ಕಡ್ಡಿ ಪೋಣಿಸತೊಡಗಿದಳು.

“ಏನು ಹೇಳಿರಬಹುದು ಇಲ್ಲಿ? ಕಡೆಯ ಮಧ್ಯಾಹ್ನ ಅಲ್ವಾ? ನೀವು ಅಂಗಡಿಯಿಂದ ಊಟಕ್ಕೆ ಬಂದಿದ್ರಿ. ನಿಮಗೇ ಏನೋ ಅಂದಿರ್ಬೇಕು. ಏನಂದ್ಲು? ನೆನಪು ಮಾಡ್ಕೊಳ್ಳಿ.”

ಇಂಥ ಘಳಿಗೆಗೆಂದೇ ನನ್ನನ್ನು ಸೃಷ್ಟಿ ಮಾಡಿದ್ದು ತಾನೇ? ಏನು ಬೇಕಾದರೂ ಹೇಳಬಹುದಿತ್ತು. “ಅಪ್ಪಾ, ಚೀಲ ರೆಡಿಯಾಗ್ತಿದೆ, ಬಾಯಿ ಅಳತೆ ಕೊಡಿ ಅಂದಳು” ಎನ್ನಬಹುದಿತ್ತು. ಅದಕ್ಕೆ ನಾನೇನೆಂದೆ, ಅದಕ್ಕವಳು ಹೇಗೆ ಬಿದ್ದು ಬಿದ್ದು ನಕ್ಕಳು, ನಗುವ ಭರಕ್ಕೆ ಕುಣಿಕೆ ಹೇಗೆ ತಪ್ಪಿತು, ಎಲ್ಲವನ್ನೂ ಹೇಳಬಹುದಿತ್ತು. ಸುಳ್ಳಿನ ಚಕ್ರವರ್ತಿಗೆ ಅದೊಂದು ಸುಳ್ಳೇ? ನಾಲಿಗೆ ಎತ್ತಿದೆ. ಮೆಟ್ಟಿಲ ಮೇಲೆ ತಲೆ ತಗ್ಗಿಸಿ ನಿಂತ ಆ ಗುಂಡು ಹೆಂಗಸು, ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಯಾರೊಂದಿಗೂ ಒಂದು ಮಾತೂ ಆಡದೆ, ಬೇಕೆಂದೇ ಒಂದು ಕುಣಿಕೆ ತಪ್ಪಿಸುತ್ತಿರುವುದು ಕಣ್ಣಿಗೆ ಕಟ್ಟಿತು. ನಾಲಿಗೆ ಕೆಳಗೆ ಬಿತ್ತು.

“ಯಾಕ್ರೀ ಸುಮ್ಮನಾದ್ರಿ?”

ನಾನು ಉಂಡೆ ನೋಡುತ್ತಿದ್ದೆ.

“ರೀ. ಹೇಳ್ರೀ. ಏನಾದ್ರೂ ಹೇಳಿ.” ಕಡ್ಡಿ ಹಿಡಿದ ಕೈ ಗಾಳಿಯಲ್ಲೇ ನಿಂತಿತ್ತು. “ಮದುವೆಯಾದ ದಿನದಿಂದ ಬಾಯಿ ಮುಚ್ಚಿದವರಲ್ಲ ನೀವು. ಅವಳನ್ನ ಎತ್ಕೊಂಡು ಹೋದ ದಿನವೂ ಮಾತಾಡ್ತಾನೇ ಇದ್ರಿ.”

“ಇದೇ ಇರ್ಬೇಕು,” ಎಂದೆ. ಅಷ್ಟೇ ಹೊರಟದ್ದು. ಇರಬೇಕಂತೆ! ಹುಣಸೆಬೀಜವನ್ನು ಬೆಟ್ಟ ಮಾಡಿ ತೋರಿಸುವವನ ಬಾಯಲ್ಲಿ ಇರಬೇಕು ಎಂಬ ಪದ.

ಅವಳು ನನ್ನ ಮುಖವನ್ನು ಓದಿದಳು. ಓದುವುದು ಆ ಮನೆತನದ ರಕ್ತದಲ್ಲಿದೆ.

“ಬಾಗಿಲ ಹತ್ರ ಆ ರಫುಗಾರ್ತಿ ಏನೋ ಹೇಳಿದ್ಲು ಅಲ್ವಾ ನಿಮಗೆ?”

ನಾನು ಸಡಿಲವಾಗಿದ್ದ ನೂಲನ್ನು ಉಂಡೆಗೆ ಬಿಗಿದೆ.

ಪೋಣಿಸಿದ್ದ ಕಡ್ಡಿಯನ್ನು ಅವಳು ನಿಧಾನವಾಗಿ ಹೊರಗೆಳೆದಳು. ಬೆರಳಿನಡಿಯ ಕಾಳನ್ನು ಇನ್ನೊಮ್ಮೆ ಸವರಿದಳು. ಆಮೇಲೆ ನೂಲು ಹಿಡಿದು ಜಗ್ಗಿದಳು. ಕಾಳು ಬಿಚ್ಚಿಕೊಂಡಿತು. ಬೇರೆ ಯಾವ ಕುಣಿಕೆಗಿಂತಲೂ ಹೆಚ್ಚಿನ ಸದ್ದೇನೂ ಮಾಡಲಿಲ್ಲ.

“ಸುತ್ತಿ,” ಎಂದಳು.

ಸುತ್ತಿದೆ. ಮತ್ತೊಂದು ಕಾಳು ಬಂತು, ಅವಳ ಬೆರಳು ನಿಲ್ಲಲಿಲ್ಲ. ಅವಳು ಹೇಳಿದ್ದ ಎರಡು ಬೆರಳಿನ ಜಾಗ ಬಂದು ಹೋಯಿತು. ನನ್ನ ಮೊಣಕೈಯ ಜಾಗ ಬಂತು. ಉಂಡೆ ಹೂಕೋಸಿನಷ್ಟಾಗಿತ್ತು, ಇದರಲ್ಲಿ ಒಂದು ಎಳೆಯೂ ಉತ್ಪ್ರೇಕ್ಷೆಯಿಲ್ಲ. ಅಲ್ಲಿಂದ ಮೇಲಿನದು ಯಾವ ಅನುಮಾನವೂ ಇಲ್ಲದೆ ಅರೆಬರೆಯದೇ ಎಂದು ಇಬ್ಬರಿಗೂ ಗೊತ್ತಿತ್ತು. ಸಾಕು ಎಂದು ಯಾರಾದರೊಬ್ಬರು ಹೇಳಬೇಕಿತ್ತು. ನಾನು ಹೇಳುತ್ತೇನೆಂದು ಅವಳು ಎಳೆಯುತ್ತಿದ್ದಳು. ಅವಳು ನಿಲ್ಲಿಸುತ್ತಾಳೆಂದು ನಾನು ಸುತ್ತುತ್ತಿದ್ದೆ. ಹೆಗಲು ಹತ್ತಿರವಾಗುತ್ತಿತ್ತು.